ಹಾರ್ಮೋನ್ ಚುಚ್ಚಿದ ಹಸುವಿನ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರಾ?

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಎರಡು ವರ್ಷ ಆಯ್ತು. ಇಲ್ಲಿ ಹಾಲಿನ ಕ್ಯಾನ್ ಮೇಲೆ ‘ಆರ್‌ಬಿಎಸ್‌ಟಿ ಕೊಡದ ಹಸುಗಳ ಹಾಲು’ ಅಂತ ಬರೆದಿರುತ್ತೆ. ಹಾಗೆ ಬರೆಯದ ಹಾಲು ಕುಡಿದರೆ ಹುಡುಗಿಯರು ಬೇಗ ದೊಡ್ಡವರಾಗ್ತಾರೆ ಅಂತ ಗೆಳತಿಯರು ಹೇಳ್ತಾರೆ. ನನ್ನ ಮಗಳಿಗೆ ಏಳು ವರ್ಷ. ಊರಲ್ಲಿ ಇಂಜೆಕ್ಷನ್ ಚುಚ್ಚಿ ಹಾಲು ಕರೀತಾರಲ್ಲ, ಅದೇನಾ ಇದು?

ಉತ್ತರ: ಮಗಳ ಬಗ್ಗೆ ಆ ಭಯ ಬಿಡಿ. ಹಾಗಾಗುತ್ತದೆ ಅನ್ನಲು ಆಧಾರವಿಲ್ಲ. ಹಸುವಿಗೆ ಏನಾಗುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಸಂಕಟ ಇರುವುದು ಅಲ್ಲೇ.

ಎಲ್ಲ ಹಸುಗಳ ಮೈಯಲ್ಲೂ ಬಿಎಸ್‌ಟಿ ಅನ್ನುವ ಬೆಳವಣಿಗೆ ಹಾರ್ಮೋನ್ ಇರುತ್ತದೆ. ಅದನ್ನೇ ಬ್ಯಾಕ್ಟೀರಿಯಾದಿಂದ ತಯಾರಿಸಿದರೆ ಆರ್‌ಬಿಎಸ್‌ಟಿ. ಮಾನ್ಸಾಂಟೊ ಕಂಪನಿಯ ಪೋಸಿಲ್ಯಾಕ್ ಇಂಜೆಕ್ಷನ್‌ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು, 1994ರ ಫೆಬ್ರವರಿಯಲ್ಲಿ ಮಾರಾಟ ಶುರುವಾಯಿತು. ಕರು ಹಾಕಿ ಎರಡು ತಿಂಗಳಾದ ಮೇಲೆ ಹಾಲು ನಿಧಾನಕ್ಕೆ ಇಳಿಯುತ್ತಾ ಬರುತ್ತದೆ ಅಲ್ವಾ, ಆ ಹೊತ್ತಿಗೆ ಶುರು ಮಾಡಿ 14 ದಿನಕ್ಕೊಂದು ಸಲ ಚುಚ್ಚಿದರೆ ಹಾಲು ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಸುಮಾರು ಶೇ 10ರಿಂದ 15ರಷ್ಟು ಜಾಸ್ತಿ ಸಿಗುತ್ತದೆ.

ಇದು ಪ್ರೋಟೀನ್. ಕುಡಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಅಷ್ಟೇ ಅಲ್ಲ, ಹಸುವಿನ ಬೆಳವಣಿಗೆ ಹಾರ್ಮೋನ್ ಮನುಷ್ಯರ ಮೈಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. 1950ರ ದಶಕದಲ್ಲಿ ಎತ್ತರ ಬೆಳೆಯದ ಮಕ್ಕಳಿಗೆ ಅದನ್ನು ನೇರವಾಗಿ ಚುಚ್ಚಿ ನೋಡಿದ್ದರು, ಏನೂ ಆಗಲಿಲ್ಲ. ವಾದ ನಡೆದದ್ದು ಐಜಿಎಫ್-1 ಅನ್ನುವ, ಮೈ ಬೆಳೆಯಲು ನೆರವಾಗುವ ಇನ್ನೊಂದು ವಸ್ತುವಿನ ಮೇಲೆ. ಅದು ಹಸುವಿಗೂ ನಮಗೂ ಒಂದೇ, ಇಂಜೆಕ್ಷನ್ ಕೊಟ್ಟ ಹಸುವಿನ ಹಾಲಲ್ಲಿ ಸ್ವಲ್ಪ ಏರುತ್ತದೆ. ಯುರೋಪಿನ ವಿಜ್ಞಾನಿಗಳು ಇದಕ್ಕೇ ಅನುಮಾನ ಪಟ್ಟರು. ಆದರೆ ನಮ್ಮ ಮೈಯೇ ದಿನಾ ತಯಾರಿಸುವ ಐಜಿಎಫ್-1 ಮುಂದೆ ಹಾಲಿನದು ತೀರಾ ಕಡಿಮೆ.

ಹುಡುಗಿಯರು ಮೊದಲಿಗಿಂತ ಬೇಗ ಬೆಳೆಯುತ್ತಿದ್ದಾರೆ ಅನ್ನುವುದು ಸುಳ್ಳಲ್ಲ. 1997ರಲ್ಲಿ ಅಮೆರಿಕದಲ್ಲಿ ಸುಮಾರು 17,000 ಹುಡುಗಿಯರ ಮೇಲಿನ ಅಧ್ಯಯನವೊಂದು ಇದನ್ನು ತೋರಿಸಿ ದೊಡ್ಡ ಸುದ್ದಿಯಾಯಿತು. ಆದರೆ ಆ ಹುಡುಗಿಯರನ್ನು ಪರೀಕ್ಷಿಸಿದ್ದು 1992–93ರಲ್ಲಿ, ಪೋಸಿಲ್ಯಾಕ್ ಮಾರುಕಟ್ಟೆಗೆ ಬರುವ ಮೊದಲೇ! ಎಂಟು ವರ್ಷ ತುಂಬುವ ಮುಂಚೆ ಮಗಳ ಎದೆ ಬೆಳೆಯುವುದು ಕಂಡರೆ ಹಾಲನ್ನು ಬೈಯುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ಹಸುವಿನ ಮಾತು. ನಮ್ಮ ಮನೆಯ ಹಸುವಿಗೆ ಒಮ್ಮೆ ಕೆಚ್ಚಲು ಬಾವು ಬಂದಿತ್ತು. ಇಂಜೆಕ್ಷನ್‌ನಿಂದ ಬಂದದ್ದಲ್ಲ, ಹಾಗೇ ಬಂದದ್ದು. ಕೆಚ್ಚಲಿನ ಒಂದು ಕಡೆ ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಬಿಸಿ. ಮೊದಲ ಧಾರೆಯಲ್ಲಿ ಬಂದದ್ದು ಒಡೆದ ಮೊಸರಿನಂಥ ಚೂರುಗಳು. ದಿನಾ ನನ್ನ ಕೈ ನೆಕ್ಕುತ್ತಿದ್ದ ಹಸು ಅವತ್ತು ಹತ್ತಿರ ಹೋದರೆ ಒದೆಯಲು ಬಂತು. ಆ ನೋವು ಎಂಥದ್ದು ಅಂತ ನೋಡಿದವರಿಗೇ ಗೊತ್ತು. ಆರ್‌ಬಿಎಸ್‌ಟಿ ಈ ನೋವನ್ನು ಹೆಚ್ಚಿಸುತ್ತದೆ. ಕೆನಡಾದ ಪಶುವೈದ್ಯರ ಸಮಿತಿಯ ಲೆಕ್ಕದಲ್ಲಿ ಕೆಚ್ಚಲು ಬಾವಿನ ಅಪಾಯ ಶೇ 25ರವರೆಗೆ, ಕುಂಟುವ ಅಪಾಯ ಶೇ 50ರವರೆಗೆ ಹೆಚ್ಚು. ಗಬ್ಬ ನಿಲ್ಲುವುದೂ ಕಷ್ಟ. ಔಷಧದ ಜೊತೆ ಬರುವ ಚೀಟಿಯಲ್ಲೇ ಕೆಚ್ಚಲು ಬಾವಿನ ಎಚ್ಚರಿಕೆ ಇತ್ತು. ಹಸುಗಳ ಆರೋಗ್ಯದ ಕಾರಣಕ್ಕೇ ಕೆನಡಾ 1999ರ ಜನವರಿಯಲ್ಲಿ ಬೇಡ ಅಂದಿತು, 2000ದಿಂದ ಯುರೋಪಿನ ಒಕ್ಕೂಟವೂ ಬಾಗಿಲು ಮುಚ್ಚಿತು.

ಇಷ್ಟಕ್ಕೂ ಅಮೆರಿಕದಲ್ಲಿ ಹಾಲಿಗೇನು ಬರ ಇತ್ತಾ? ಹಾಲು ಹೆಚ್ಚಾಯಿತು ಅಂತ 1986–87ರಲ್ಲಿ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು ಇಡೀ ಮಂದೆಗಳನ್ನು ಕಸಾಯಿಖಾನೆಗೋ ಹೊರದೇಶಕ್ಕೋ ಕಳಿಸಿತ್ತು. ಅದಾದ ಏಳೆಂಟು ವರ್ಷಕ್ಕೆ ಹಾಲು ಹೆಚ್ಚಿಸುವ ಸೂಜಿ ಬಂತು. ಇದು ನನಗೆ ಇವತ್ತಿಗೂ ಅರಗುವುದಿಲ್ಲ.

ಊರಿನ ಇಂಜೆಕ್ಷನ್ ಬೇರೆ. ಅದು ಆಕ್ಸಿಟೋಸಿನ್. ಅದು ಹಾಲನ್ನು ಹೆಚ್ಚಿಸುವುದಿಲ್ಲ, ಕೆಚ್ಚಲಲ್ಲಿ ಇರುವ ಹಾಲನ್ನು ಇಳಿಸುತ್ತದೆ, ಕರು ಬಾಯಿ ಹಾಕಿದಾಗ ಆಗುವ ಹಾಗೆ. ಕರು ಸತ್ತಿದ್ದರೆ, ಅಥವಾ ಕರುವಿಗೆ ಹಾಲು ಬಿಡಲು ಮನಸ್ಸಿಲ್ಲದಿದ್ದರೆ ಕೆಲವರು ಇದನ್ನು ಚುಚ್ಚುತ್ತಾರೆ, ಹಾಲಿಗಾಗಿ ಹಸುವಿನ ಆರೋಗ್ಯ ಕೆಡಿಸುವಂಥ ಇಂಜೆಕ್ಷನ್ ಕೊಡುವುದು ನಮ್ಮ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ದೇಶದೊಳಗಿನ ಬಳಕೆಗೆ ತಯಾರಿಸಬಾರದು, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಮಾತ್ರ ತಯಾರಿಸಬೇಕು ಅಂತ ಆದೇಶಿಸಿತು. ಹೆರಿಗೆ ನಂತರದ ರಕ್ತಸ್ರಾವ ನಿಲ್ಲಿಸಿ ತಾಯಂದಿರ ಜೀವ ಉಳಿಸುವ ಮದ್ದೂ ಇದೇ ಆದ್ದರಿಂದ ವಿಷಯ ಕೋರ್ಟಿಗೆ ಹೋಗಿ, ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು.

ನಿಮ್ಮ ಕ್ಯಾನ್ ಮೇಲೆ ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎರಡು ಬಗೆಯ ಹಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ’ ಅನ್ನುವ ಅರ್ಥದ ಮಾತು ಇರುತ್ತದೆ, ನೋಡಿ. ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿ ತನ್ನ ರೈತರು ಕೃತಕ ಹಾರ್ಮೋನ್ ಬಳಸಲ್ಲ ಅಂತ ಬರೆದದ್ದಕ್ಕೆ 2003ರಲ್ಲಿ ಮಾನ್ಸಾಂಟೊ ಕೇಸು ಹಾಕಿತ್ತು. ರಾಜಿಯಲ್ಲಿ ಓಕ್‌ಹರ್ಸ್ಟ್ ಕೂಡ ಅಂಥ ಸಾಲು ಸೇರಿಸಬೇಕಾಯಿತು. ಆದರೂ ಜನ ಕೇಳುತ್ತಲೇ ಇದ್ದರು, 2008ರಲ್ಲಿ ವಾಲ್‌ಮಾರ್ಟ್ ಕೂಡ ತನ್ನ ಸ್ವಂತ ಬ್ರ್ಯಾಂಡಿನ ಹಾಲನ್ನು ಇಂಜೆಕ್ಷನ್ ಕೊಡದ ಹಸುಗಳದ್ದೇ ಮಾಡಿತು. ಹಾಗಾಗಿ ಈ ಹಾಲಿಗೆ ಎರಡು ಪಟ್ಟು ದುಡ್ಡು ಸುರಿಯಬೇಕಿಲ್ಲ, ಸಾಮಾನ್ಯ ಬೆಲೆಯ ಕ್ಯಾನ್ ಮೇಲೂ ಆ ಸಾಲು ಸಿಗುತ್ತದೆ. ಹಸುವನ್ನು ನೆನೆದು ನಾನಂತೂ ಅದನ್ನೇ ತೆಗೆದುಕೊಳ್ಳುತ್ತೇನೆ.