ತಪ್ಪು ಅಂಕಿಯಲ್ಲೇ ಇದೆ ಸುಳಿವು

ಫಿಲಂ ಡಬ್ಬಿಯ ಮೇಲೆ 400 ಅಂತ ದೊಡ್ಡದಾಗಿ ಬರೆದಿದೆ. ಕ್ಯಾಮೆರಾದ ಪುಟ್ಟ ಪರದೆ ಮಾತ್ರ 25 ತೋರಿಸುತ್ತದೆ. ಡಬ್ಬಿ ತೆಗೆದು ಮತ್ತೆ ಹಾಕಿದರೆ 400 ಬರುತ್ತದೆ. ಇನ್ನೊಮ್ಮೆ ಹಾಕಿದರೆ ಮತ್ತೆ 25. ಇಷ್ಟಾದ ಮೇಲೆ ‘ಸರ್ಕ್ಯೂಟ್ ಹೋಯ್ತು’ ಎಂದು ಕ್ಯಾಮೆರಾವನ್ನು ಬೀರುವಿಗೆ ಸೇರಿಸುವವರೇ ಜಾಸ್ತಿ. ಸ್ವಲ್ಪ ತಾಳಿ. ಅದು 25 ಅಂತಲೇ ಯಾಕೆ ತೋರಿಸಿತು? 50 ಅಥವಾ 1600 ಯಾಕಲ್ಲ? ಈ ಪ್ರಶ್ನೆ ಹಿಡಿದು ಹೋದರೆ, ಒಂದು ತಿರುಪನ್ನೂ ಬಿಚ್ಚದೆ ದೋಷ ಎಲ್ಲಿದೆ ಅಂತ ಹೇಳಬಹುದು.

ಡಬ್ಬಿಯ ಮೇಲಿನ ಆ 400 ಫಿಲಂನ ವೇಗ. ವೇಗ ಎಂದರೆ ಫಿಲಂ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ, ಅದನ್ನು ಹೇಳುವುದು ಐಎಸ್‌ಒ ಅಂಕಿಯಲ್ಲಿ. ಐಎಸ್‌ಒ ಅಂಕಿ ದುಪ್ಪಟ್ಟಾದರೆ ಬೇಕಾಗುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಈ ಒಂದು ಮೆಟ್ಟಿಲಿಗೆ ಸ್ಟಾಪ್ ಎನ್ನುತ್ತಾರೆ. ಮೊದಲೆಲ್ಲ ಈ ಅಂಕಿಯನ್ನು ಕೈಯಿಂದಲೇ ಹೊಂದಿಸಬೇಕಿತ್ತು, ಮರೆತರೆ ರೋಲು ಪೂರ್ತಿ ಹಾಳು. 1983ರಲ್ಲಿ ಕೊಡಾಕ್ ತಂದ ಡಿಎಕ್ಸ್ ಸಂಕೇತ ಆ ತಲೆನೋವನ್ನು ಕಳೆಯಿತು.

35 ಮಿ.ಮೀ. ಫಿಲಂ ಡಬ್ಬಿಯ ಮೈಮೇಲೆ ಬೆಳ್ಳಿ ಮತ್ತು ಕಪ್ಪು ಬಣ್ಣದ ಚೌಕಗಳಿರುತ್ತವೆ, ನೋಡಿರುತ್ತೀರಿ. ಎರಡು ಸಾಲು, ಸಾಲಿಗೆ ಆರು. ಬೆಳ್ಳಿ ಚೌಕ ಎಂದರೆ ಬರಿಯ ಲೋಹ, ವಿದ್ಯುತ್ ಹರಿಯುತ್ತದೆ. ಕಪ್ಪು ಎಂದರೆ ಬಣ್ಣ ಬಳಿದ ಜಾಗ, ಹರಿಯುವುದಿಲ್ಲ. ಡಬ್ಬಿ ಕೂರುವ ಗೂಡಿನೊಳಗೆ ಸ್ಪ್ರಿಂಗ್ ಇರುವ ಪುಟ್ಟ ಪಿನ್ನುಗಳು ಈ ಚೌಕಗಳನ್ನು ಒತ್ತಿ ಹಿಡಿಯುತ್ತವೆ. ಪ್ರತಿ ಪಿನ್ನು ತಿಳಿಸುವುದು ಒಂದೇ ವಿಷಯ: ವಿದ್ಯುತ್ ಹರಿಯಿತೋ ಇಲ್ಲವೋ.

ವೇಗಕ್ಕೆ ಸಂಬಂಧಪಟ್ಟಿದ್ದು ಮೊದಲ ಸಾಲು ಮಾತ್ರ. ಎರಡನೆಯದರಲ್ಲಿ ಎಷ್ಟು ಚಿತ್ರಗಳ ರೋಲು, ಎಕ್ಸ್‌ಪೋಷರ್ (ಫಿಲಂ ಮೇಲೆ ಬೀಳುವ ಬೆಳಕು) ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ವಿವರ ಇದೆ. ಅದನ್ನು ಬಿಡೋಣ. ಮೊದಲ ಸಾಲಿನ ಮೊದಲ ಚೌಕ ಯಾವಾಗಲೂ ಬೆಳ್ಳಿ, ಮಿಕ್ಕ ಚೌಕಗಳಿಗೆಲ್ಲ ವಿದ್ಯುತ್ ಹರಿಯುವುದು ಅದರ ಮೂಲಕವೇ. ಆಮೇಲಿನ ಮೂರು ಚೌಕಗಳಲ್ಲಿ ಮಜಾ ಇದೆ. ಲೆಕ್ಕ 25ರಿಂದ ಶುರು. ಎರಡನೇ ಚೌಕ ಬೆಳ್ಳಿಯಾದರೆ ಒಂದು ಸ್ಟಾಪ್ ಸೇರಿಸಿ, ಮೂರನೆಯದಾದರೆ ಎರಡು, ನಾಲ್ಕನೆಯದಾದರೆ ನಾಲ್ಕು. ಐದು ಮತ್ತು ಆರನೆಯವು ಸ್ಟಾಪಿನ ಮೂರನೇ ಒಂದು ಭಾಗದ ಸಣ್ಣ ಹೊಂದಾಣಿಕೆಗೆ. ಹೀಗೆ 25ರಿಂದ 5000ದವರೆಗೆ ಒಟ್ಟು 24 ವೇಗಗಳನ್ನು ಬರೆಯಬಹುದು. 100ರ ಡಬ್ಬಿಯಲ್ಲಿ ಮೊದಲ ಸಾಲು ಬೆಳ್ಳಿ, ಕಪ್ಪು, ಬೆಳ್ಳಿ, ಕಪ್ಪು, ಬೆಳ್ಳಿ, ಕಪ್ಪು. 400ರಲ್ಲಿ ಮೂರನೆಯದು ಕಪ್ಪಾಗಿ ನಾಲ್ಕನೆಯದು ಬೆಳ್ಳಿಯಾಗುತ್ತದೆ.

ಈಗ ಆ 25ಕ್ಕೆ ಬನ್ನಿ. 400ರ ಡಬ್ಬಿಯನ್ನು ಓದುವಾಗ ನಾಲ್ಕನೇ ಪಿನ್ನು ಸರಿಯಾಗಿ ತಾಗಲಿಲ್ಲ ಎನ್ನಿ. ನಾಲ್ಕು ಸ್ಟಾಪ್ ಒಟ್ಟಿಗೇ ಮಾಯ, ಉಳಿಯುವುದು 25. ಅಂದರೆ ಕ್ಯಾಮೆರಾದ ತಲೆ ಕೆಟ್ಟಿಲ್ಲ, ಒಂದು ಪಿನ್ನಿಗೆ ಕೊಳೆ ಹಿಡಿದಿದೆ, ಅಷ್ಟೆ. 200ರ ಡಬ್ಬಿ 100 ಎಂದು ಓದಿಸಿಕೊಂಡರೆ ತಪ್ಪು ಎರಡನೇ ಪಿನ್ನಿನದು. ಅದೇ ಡಬ್ಬಿ 50 ಅಂತ ಬಂದರೆ ಮೂರನೆಯದನ್ನು ನೋಡಿ. ಮೊದಲ ಪಿನ್ನೇ ಕೈಕೊಟ್ಟರೆ ಸಂಕೇತವೇ ಇಲ್ಲ ಎಂದು ಕ್ಯಾಮೆರಾ ತಿಳಿದು ತನ್ನದೇ ಒಂದು ಅಂಕಿ ಇಟ್ಟುಕೊಳ್ಳುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು 100.

ಇಲ್ಲೊಂದು ವಿಷಯ ಗಮನಿಸಿ. ಕೊಳೆ ವಿದ್ಯುತ್ತನ್ನು ತಡೆಯಬಲ್ಲದೇ ಹೊರತು ಹರಿಸಲಾರದು. ಹಾಗಾಗಿ ಕೊಳೆಯಿಂದಾಗುವ ತಪ್ಪು ಓದು ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಕೆಳಗೇ ಇರುತ್ತದೆ. ಫಿಲಂಗೆ ಬೆಳಕು ಜಾಸ್ತಿ ಬೀಳುತ್ತದೆ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಜಾಸ್ತಿಯನ್ನು ಸಹಿಸಿಕೊಳ್ಳುತ್ತದೆ, ಸ್ಲೈಡ್ ಫಿಲಂ ಸಹಿಸುವುದಿಲ್ಲ. ಅಂಕಿ ಮೇಲಕ್ಕೆ ಹೋಗಿದ್ದರೆ ಕಥೆಯೇ ಬೇರೆ. 100ರ ಡಬ್ಬಿ 1600 ಎಂದು ಓದಿಸಿಕೊಂಡರೆ ನಾಲ್ಕನೇ ಕಪ್ಪು ಚೌಕದ ಬಣ್ಣ ಕೆರೆದುಹೋಗಿರಬಹುದು, ಇಲ್ಲವೇ ಪಿನ್ನು ಬಾಗಿ ಪಕ್ಕದ ಲೋಹಕ್ಕೆ ತಾಗುತ್ತಿರಬಹುದು. ಅದೇ ವೇಗದ ಇನ್ನೊಂದು ಡಬ್ಬಿ ಹಾಕಿ ನೋಡಿ. ಅಂಕಿ ಸರಿಯಾದರೆ ದೋಷ ಡಬ್ಬಿಯದು, ಇಲ್ಲದಿದ್ದರೆ ಕ್ಯಾಮೆರಾದ್ದು. ಇದಕ್ಕಾಗಿ 100, 200, 400ರ ಖಾಲಿ ಡಬ್ಬಿಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಣ್ಣ ಪಾಕೆಟ್ ಕ್ಯಾಮೆರಾಗಳ ಮಾತು ಬೇರೆ. ಖರ್ಚು ಉಳಿಸಲು ಅವುಗಳಲ್ಲಿ ಎರಡೋ ಮೂರೋ ಪಿನ್ನು ಮಾತ್ರ ಇಟ್ಟಿರುತ್ತಾರೆ. ಎರಡನೇ ಪಿನ್ನೇ ಇಲ್ಲದ ಕ್ಯಾಮೆರಾಕ್ಕೆ 100 ಮತ್ತು 200 ಒಂದೇ. ಅದನ್ನು ರಿಪೇರಿ ಮಾಡಲು ಹೊರಡಬೇಡಿ, ಅದರ ಹುಟ್ಟೇ ಹಾಗೆ.

ಸ್ವಚ್ಛಗೊಳಿಸುವುದು ಸುಲಭ. ಬ್ಯಾಟರಿ ತೆಗೆಯಿರಿ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸ್ವಲ್ಪ ಅದ್ದಿ ಪಿನ್ನುಗಳ ತುದಿ ಒರೆಸಿ. ಪ್ರತಿ ಪಿನ್ನನ್ನೂ ಮೆಲ್ಲಗೆ ಒತ್ತಿ ಬಿಡಿ, ಪುಟಿದು ಮೇಲೆ ಬರಬೇಕು. ಸಿಕ್ಕಿಕೊಂಡಿದ್ದರೆ ಹಲವು ಸಲ ಆಡಿಸಿ. ಉಪ್ಪುಕಾಗದ ಮಾತ್ರ ಬೇಡ, ಚಿನ್ನದ ಲೇಪವಿರುವ ಪಿನ್ನುಗಳಲ್ಲಿ ಲೇಪ ಕಿತ್ತುಹೋಗುತ್ತದೆ. ಹಾಗೇ ಪಕ್ಕದಲ್ಲಿರುವ ಶಟರ್ ಪರದೆಗಳಿಗೆ ಬೆರಳು ತಾಗಿಸಬೇಡಿ. ಅವು ಕಾಗದದಷ್ಟು ತೆಳು, ಬಾಗಿದರೆ ಮತ್ತೆ ಸರಿಹೋಗುವುದು ಕಷ್ಟ. ಡಬ್ಬಿಯ ಚೌಕಗಳನ್ನೂ ಒಮ್ಮೆ ಒರೆಸಿ. ಬಿಡಿ ಫಿಲಂ ತುಂಬಿದ ಹಳೆಯ ಡಬ್ಬಿಯಾದರೆ ಅಂಟಿಸಿದ ಚೀಟಿಯ ಗೋಂದು ಚೌಕಗಳ ಮೇಲೆ ಉಳಿದಿರುವುದುಂಟು.

ಇಷ್ಟೆಲ್ಲ ಮಾಡಿದರೂ ಅದೇ ತಪ್ಪು ಬರುತ್ತಿದ್ದರೆ ಪಿನ್ನಿನ ಹಿಂದಿನ ತಂತಿಯೋ ಬೆಸುಗೆಯೋ ಬಿಟ್ಟಿರಬೇಕು. ಐಎಸ್‌ಒ ಕೈಯಿಂದ ಹಾಕುವ ಅವಕಾಶ ಇದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ ಸತ್ತ ಪಿನ್ನಿನ ಕೆಲಸವೇ ಬೇಡದ ಫಿಲಂ ಹುಡುಕಿ. ಎರಡನೇ ಪಿನ್ನು ಹೋಗಿದ್ದರೆ 100 ಮತ್ತು 400ರ ರೋಲುಗಳಿಗೆ ಏನೂ ತೊಂದರೆಯಿಲ್ಲ, 200 ಮತ್ತು 800 ಮಾತ್ರ ಒಂದೊಂದು ಸ್ಟಾಪ್ ಕೆಳಗೆ ಓದಿಸಿಕೊಳ್ಳುತ್ತವೆ.