ಸ್ಕೋಪ್ ಸರಿಯಾಗಿಯೇ ಇದೆ, ನಳಿಗೆಯನ್ನು ಕಲ್ಲಿನಿಂದ ಎತ್ತಿ

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಕರಪತ್ರಗಳು ಓಡಾಡಲು ಶುರುವಾದವೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯಿಂದ ನನಗೆ ಕರೆಗಳು ಬರುತ್ತವೆ. ರೈಫಲ್ಲಿನ ಮೇಲೆ ಗುರಿ ನೋಡಲು ಕೂರಿಸುವ ದುರ್ಬೀನು, ಅಂದರೆ ಸ್ಕೋಪಿನ ಬಗ್ಗೆ ಎಲ್ಲರದೂ ಒಂದೇ ಮಾತು: 'ಸಾರ್, ಹೋದ ವಾರವಷ್ಟೇ ಹೊಂದಿಸಿದ್ದ ಸ್ಕೋಪ್ ಈಗ ಎಲ್ಲೋ ಹೊಡೆಯುತ್ತಿದೆ. ಹಾಳಾಗಿರಬೇಕು.' ಹೊಂದಿಸುವಾಗ ರೈಫಲ್ಲನ್ನು ಯಾವುದರ ಮೇಲೆ ಇಟ್ಟಿದ್ದಿರಿ ಎಂದು ಕೇಳುತ್ತೇನೆ. ಕಲ್ಲಿನ ಕಟ್ಟೆ, ಜೀಪಿನ ಬಾನೆಟ್, ಬೇಲಿಯ ಕಂಬ, ಕಡಿದು ಉರುಳಿಸಿದ ಸಿಲ್ವರ್ ಓಕ್ ದಿಮ್ಮಿ, ಹೀಗೆ ಒಬ್ಬೊಬ್ಬರದು ಒಂದೊಂದು ಉತ್ತರ. ರೈಫಲ್ಲಿನ ಯಾವ ಭಾಗ ಅದಕ್ಕೆ ತಾಗಿತ್ತು ಎಂದರೆ ಮಾತ್ರ ಸ್ವಲ್ಪ ತಡವರಿಸಿ, 'ನಳಿಗೆ' ಎನ್ನುತ್ತಾರೆ.

ಹಾಗಿದ್ದರೆ ಸ್ಕೋಪನ್ನು ದೂರಬೇಡಿ. ನಳಿಗೆಯನ್ನು ಯಾವುದಕ್ಕೂ ತಾಗಿಸಬಾರದು. ಆಸರೆ ಬೇಕಾದರೆ ನಳಿಗೆಯ ಕೆಳಗಿರುವ ಮರಕ್ಕೆ, ಎಡಗೈ ಹಿಡಿಯುವ ಜಾಗಕ್ಕೆ ಕೊಡಿ. ಆ ಮರಕ್ಕೂ ಕಲ್ಲಿಗೂ ನಡುವೆ ಮೆತ್ತನೆಯದು ಏನಾದರೂ ಇರಲಿ. ಇಷ್ಟನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಹೋಗಿ ಮತ್ತೆ ನಳಿಗೆಯನ್ನೇ ಕಲ್ಲಿನ ಮೇಲೆ ಒರಗಿಸುತ್ತಾರೆ. ಕಾರಣ ತಿಳಿಯದೆ ಈ ಅಭ್ಯಾಸ ಬಿಡುವುದಿಲ್ಲ ಎಂಬುದು ನನಗೆ ಗೊತ್ತಾಗಿದೆ, ಆದ್ದರಿಂದ ಕಾರಣವನ್ನೇ ಬರೆಯುತ್ತೇನೆ.

ಟ್ರಿಗರ್ ಒತ್ತಿದ ಕ್ಷಣವೇ ಗುಂಡು ಹೋಗಿಬಿಟ್ಟಿತು, ರೈಫಲ್ ಅಲುಗುವುದೆಲ್ಲ ಆಮೇಲೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಸಾಧಾರಣ .22 (ಅಂಗುಲದ ನೂರರಲ್ಲಿ 22 ಪಾಲು ಅಡ್ಡಳತೆಯ) ಗುಂಡು ನಳಿಗೆಯ ಬಾಯಿ ದಾಟುವಾಗ ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿರುತ್ತದೆ. ಆದರೂ ಮದ್ದು ಹತ್ತಿಕೊಂಡ ಮೇಲೆ ಆ ಬಾಯಿ ತಲುಪಲು ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು ಹೊತ್ತು ಬೇಕು. ಅಷ್ಟರೊಳಗೆ ರೈಫಲ್ ಹಿಂದಕ್ಕೆ ಒದೆಯಲು ಶುರುಮಾಡಿರುತ್ತದೆ, ಉಕ್ಕಿನ ನಳಿಗೆ ಉದ್ದಕ್ಕೂ ಕಂಪಿಸುತ್ತಿರುತ್ತದೆ. ಮೊಳಗುತ್ತಿರುವ ದೇವಸ್ಥಾನದ ಗಂಟೆಗೆ ಬೆರಳು ತಾಗಿಸಿದರೆ ನಾದ ಕೆಡುವ ಹಾಗೆ, ಕಲ್ಲಿಗೆ ತಾಗಿದ ನಳಿಗೆಯ ಕಂಪನವೂ ಬದಲಾಗುತ್ತದೆ. ಗುಂಡು ಹೊರಬೀಳುವ ಹೊತ್ತಿಗೆ ನಳಿಗೆಯ ಬಾಯಿ ನೀವು ಗುರಿ ಹಿಡಿದ ದಿಕ್ಕಿನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಆಸರೆ ಇರುವ ಕಡೆಯಿಂದ ಆಚೆಗೆ ಸರಿದಿರುತ್ತದೆ: ಕೆಳಗೆ ಕಲ್ಲಿದ್ದರೆ ಏಟು ಮೇಲಕ್ಕೆ, ಎಡಕ್ಕೆ ಕಂಬವಿದ್ದರೆ ಬಲಕ್ಕೆ. ಎಷ್ಟು ಸರಿಯುತ್ತದೆ ಎಂಬುದು ರೈಫಲ್ಲಿನಿಂದ ರೈಫಲ್ಲಿಗೆ ಬೇರೆ, ಅದನ್ನು ನೋಡದೆ ಹೇಳಲಾರೆ.

ಲೆಕ್ಕ ಮಾಡಿ ನೋಡಿ. 60 ಸೆಂಟಿಮೀಟರ್ ಉದ್ದದ ನಳಿಗೆಯ ತುದಿ ಒಂದು ಹಾಳೆ ಕಾಗದದ ದಪ್ಪದಷ್ಟು, ಅಂದರೆ 0.1 ಮಿಲಿಮೀಟರ್ ಓರೆಯಾದರೆ 50 ಮೀಟರ್ ದೂರದಲ್ಲಿ ಗುಂಡು 8 ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 50 ಮೀಟರ್ ರೈಫಲ್ ಗುರಿಹಾಳೆಯಲ್ಲಿ ಹತ್ತು ಅಂಕ ಸಿಗುವ ನಡುವಿನ ವೃತ್ತದ ವ್ಯಾಸ ಇರುವುದೇ 10.4 ಮಿಲಿಮೀಟರ್.

ಏರ್ ಗನ್ ಇದ್ದವರು ಇದು ನಮಗಲ್ಲ ಎಂದುಕೊಳ್ಳಬೇಡಿ. ಸ್ಪ್ರಿಂಗ್ ಇರುವ ಏರ್ ಗನ್ನಿನ ತೊಂದರೆ ಇನ್ನೂ ಹೆಚ್ಚು. ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ತಡೆದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಆಗಿನ್ನೂ ಪೆಲೆಟ್ ನಳಿಗೆಯೊಳಗೇ ಇರುತ್ತದೆ. ಅಂಥ ಗನ್ನನ್ನು ಗಟ್ಟಿಯಾದದ್ದರ ಮೇಲೆ ಅದುಮಿ ಹಿಡಿದಷ್ಟೂ ಏಟು ಚದುರುತ್ತದೆ. ಅಂಗೈಯನ್ನು ತೆರೆದು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಗನ್ ಸುಮ್ಮನೆ ಕೂರುವಂತೆ ಬಿಡಿ.

'ಮೆತ್ತಗಿದ್ದರೆ ಅಲ್ಲಾಡುವುದಿಲ್ಲವೇ?' ಎಂದು ಹಾನುಬಾಳು ಕಡೆಯ ಹಿರಿಯ ಬೆಳೆಗಾರರೊಬ್ಬರು ನನ್ನೊಂದಿಗೆ ಬೆಳಿಗ್ಗೆಯಿಡೀ ವಾದಿಸಿದ್ದರು. ಜೊತೆಗೆ ಬಂದಿದ್ದ ಮೊಮ್ಮಗಳು ಕಾಲೇಜಿನ ಎನ್‌ಸಿಸಿಯಲ್ಲಿ ಮರಳು ಚೀಲದ ಹಿಂದೆ ಮಲಗಿ .22 ಹೊಡೆದಿದ್ದವಳು. 'ತಾತ, ಹೊಡೆದೇ ನೋಡೋಣ' ಎಂದು ಒಂದೇ ಹಾಳೆಗೆ ಮೊದಲು ನಳಿಗೆಯನ್ನು ಕಲ್ಲಿಗೆ ಒರಗಿಸಿ ಐದು ಗುಂಡು ಹೊಡೆದಳು. ಆಮೇಲೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿನ ಮೇಲೆ ಹಾಕಿ, ರೈಫಲ್ಲಿನ ಮರವನ್ನು ಅದರ ಮೇಲಿಟ್ಟು ಮತ್ತೆ ಐದು. ಗುರಿ ಹಿಡಿದ ಚುಕ್ಕೆ ಎರಡು ಸಲವೂ ಅದೇ. ಹಾಳೆ ಇಳಿಸಿ ತಂದಾಗ ಮೊದಲಿನ ತೂತುಗಳು ಚುಕ್ಕೆಗಿಂತ ಮೇಲಕ್ಕೆ, ಉದ್ದಕ್ಕೆ ಚದುರಿದ್ದವು, ಎರಡನೆಯವು ಕೆಳಗೆ ಒಂದಕ್ಕೊಂದು ತಾಗಿಕೊಂಡಿದ್ದವು. ಯಜಮಾನರು ಕನ್ನಡಕ ಸರಿಮಾಡಿಕೊಂಡು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಆ ಗೋಣಿಚೀಲವನ್ನು ತಮ್ಮ ಜೀಪಿಗೇ ಹಾಕಿಸಿಕೊಂಡರು. ಅಂಥವರಿಗೆ ಕಲಿಸುವುದು ನನಗೆ ನಿಜಕ್ಕೂ ಇಷ್ಟ.

ಚೀಲಕ್ಕೆ ಹಣ ಸುರಿಯಬೇಕಾಗಿಲ್ಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಗೇಣುದ್ದ ಕತ್ತರಿಸಿ, ಎರಡೂ ತುದಿ ಹೊಲಿದು, ಒಣ ಮರಳನ್ನೋ ರಾಗಿಯನ್ನೋ ಮುಕ್ಕಾಲು ಭಾಗ ತುಂಬಿ. ಬಿಗಿಯಾಗಿ ತುಂಬಿದ ಚೀಲವೂ ಕಲ್ಲೇ. ಭತ್ತದ ಹೊಟ್ಟು ಹಗುರವೇನೋ ಹೌದು, ಆದರೆ ಪುಟಿಯುತ್ತದೆ, ನನಗೆ ಸರಿಬಂದಿಲ್ಲ. ಮಳೆಗಾಲದಲ್ಲಿ ರಾಗಿ ಮುಗ್ಗುಹಿಡಿಯುತ್ತದೆ, ಬಿಸಿಲು ಬಂದಾಗ ಸುರಿದು ಒಣಗಿಸಿ. ಇನ್ನೊಂದು ಸಣ್ಣ ಚೀಲವನ್ನು ರೈಫಲ್ಲಿನ ಹಿಂಬದಿಯ ಕೆಳಗೂ ಇಟ್ಟು ಎಡಗೈಯಿಂದ ಹಿಸುಕುತ್ತಾ ಎತ್ತರ ಹೊಂದಿಸಿಕೊಳ್ಳಿ. ಚೀಲವೇ ಇಲ್ಲದ ಕಡೆ ನಿಂತ ಕಂಬ ಸಿಕ್ಕಿದರೆ ಎಡ ಅಂಗೈಯನ್ನು ಕಂಬಕ್ಕೆ ಒತ್ತಿ, ಹೆಬ್ಬೆರಳನ್ನು ಹೊರಕ್ಕೆ ಚಾಚಿ, ಹೆಬ್ಬೆರಳಿನ ಬುಡದ ಮೇಲೆ ರೈಫಲ್ಲಿನ ಮರವನ್ನು ಕೂರಿಸಿ. ಕಂಬಕ್ಕೆ ತಾಗುವುದು ಕೈ ಮಾತ್ರ.

ಸ್ಕೋಪ್ ನಳಿಗೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ ಎಂಬುದನ್ನೂ ಮರೆಯಬೇಡಿ. ಸ್ಕೋಪಿನಲ್ಲಿ ಗುರಿ ಸ್ಪಷ್ಟವಾಗಿ ಕಂಡರೂ ನಳಿಗೆಯ ಬಾಯಿಯ ಮುಂದೆ ಕಟ್ಟೆಯ ಅಂಚೋ ಬಾನೆಟ್ಟೋ ಇರಬಹುದು. ಕಲ್ಲಿಗೆ ಬಡಿದ ಗುಂಡು ಎತ್ತ ಸಿಡಿಯುತ್ತದೆಂದು ಯಾರೂ ಹೇಳಲಾರರು. ಟ್ರಿಗರಿಗೆ ಬೆರಳು ಹೋಗುವ ಮೊದಲು ಪಕ್ಕದವರಿಂದ ಇದನ್ನು ನೋಡಿಸಿ. ಇದೆಲ್ಲ ಅನುಮತಿ ಇರುವ, ಹಿಂದೆ ಮಣ್ಣಿನ ದಿಬ್ಬವಿರುವ ಜಾಗದಲ್ಲಿ ಮಾತ್ರ. ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿಯಾದರೆ ಅದರ ಷರತ್ತುಗಳನ್ನು ಓದಿಕೊಂಡು ಬನ್ನಿ.

ಸ್ಪರ್ಧೆಯಲ್ಲಿ ಆಸರೆಗೆ ಅವಕಾಶವಿದೆಯೇ ಎಂಬುದನ್ನು ಆಯೋಜಕರಿಂದಲೇ ಕೇಳಿ ತಿಳಿಯಿರಿ. ಅಂತರರಾಷ್ಟ್ರೀಯ ನಿಯಮದಲ್ಲಿ ಮಲಗಿ ಹೊಡೆಯುವವರಿಗೂ ಆಸರೆ ಇಲ್ಲ, ತೋಳಿಗೆ ಕಟ್ಟುವ ಪಟ್ಟಿ ಮಾತ್ರ. ಪ್ಯಾರಾ ಶೂಟಿಂಗಿನ ಎಸ್‌ಎಚ್2 ವಿಭಾಗದವರಿಗೆ, ಅಂದರೆ ರೈಫಲ್ಲಿನ ಭಾರವನ್ನು ತೋಳಿನಿಂದ ಹೊರಲಾಗದವರಿಗೆ, ರೈಫಲ್ ಇಡಲು ಸ್ಟ್ಯಾಂಡ್ ಕೊಡುತ್ತಾರೆ, ಅದೂ ಸ್ಪ್ರಿಂಗ್ ಮೇಲೆ ಬಾಗುವಂಥದ್ದು. ನಿಮ್ಮ ಸ್ಪರ್ಧೆ ನಿಂತು ಹೊಡೆಯುವುದಾದರೆ ಚೀಲದ ಮೇಲೆ ಹೊಂದಿಸಿದ ಮೇಲೂ ನಿಂತು ಕೆಲವು ಗುಂಡು ಹೊಡೆದು ನೋಡಿ, ಸ್ವಲ್ಪ ವ್ಯತ್ಯಾಸ ಬರಬಹುದು.

ನಳಿಗೆಯನ್ನು ಕಲ್ಲಿನ ಮೇಲಿಟ್ಟು ಸ್ಕೋಪನ್ನು ಈಗಾಗಲೇ ತಿರುಗಿಸಿಬಿಟ್ಟಿದ್ದರೆ ಗಾಬರಿ ಬೇಡ. ಮೊದಲು ಸ್ಕೋಪಿನ ಹಿಡಿಕೆಯ ತಿರುಪುಗಳು ಸಡಿಲವಾಗಿವೆಯೇ ನೋಡಿ. ಚೀಲದ ಮೇಲೆ ಮರವನ್ನಿಟ್ಟು ಐದು ಗುಂಡು ಹೊಡೆಯಿರಿ, ಪ್ರತಿ ಸಲವೂ ಮರದ ಅದೇ ಜಾಗ ಚೀಲಕ್ಕೆ ತಾಗಲಿ. ಒಂದೊಂದು ಗುಂಡಿಗೂ ತಿರುಗಿಸುತ್ತಾ ಹೋಗಬೇಡಿ, ಐದರ ನಡುವಿನ ಬಿಂದುವಿನಿಂದ ಅಳೆಯಿರಿ. ಕಾಲು ಮಿನಿಟ್ ಕ್ಲಿಕ್ಕಿನ ಸ್ಕೋಪಿನಲ್ಲಿ (ಇಲ್ಲಿ ಮಿನಿಟ್ ಎಂದರೆ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಒಂದು ಕ್ಲಿಕ್ 50 ಮೀಟರಿನಲ್ಲಿ ಸುಮಾರು 3.6 ಮಿಲಿಮೀಟರ್ ಸರಿಸುತ್ತದೆ. ಆ ಲೆಕ್ಕದಲ್ಲಿ ತಿರುಗಿಸಿ, ಮತ್ತೆ ಐದು ಹೊಡೆಯಿರಿ. ಆಗಲೂ ಏಟು ಚದುರಿದರೆ ರೈಫಲ್ ಮತ್ತು ಆ ಹಾಳೆ ಎರಡನ್ನೂ ತನ್ನಿ, ಸ್ಕೋಪಿನ ವಿಚಾರ ಆಮೇಲೆ ನೋಡೋಣ.