ಡಬ್ಬಿಯ ಹಿಂಬದಿಯ ಸಂಖ್ಯೆಗಳು: ಯುರೋಪಿನ ಕಾರು ಕಂಪನಿಗಳ ಎಂಜಿನ್ ಆಯಿಲ್ ಅನುಮೋದನೆ ಬೆಳೆದು ಬಂದ ಬಗೆ

ಮಡಿಕೇರಿಯಲ್ಲಾಗಲಿ, ವಿರಾಜಪೇಟೆಯಲ್ಲಾಗಲಿ, ಕುಶಾಲನಗರದಲ್ಲಾಗಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಎಂಜಿನ್ ಆಯಿಲ್ ಕೇಳಿದರೆ ಮೊದಲು ಬರುವ ಪ್ರಶ್ನೆ "ಯಾವ ಗ್ರೇಡ್?" ಎಂಬುದು. 15ಡಬ್ಲ್ಯು-40 ಎಂದೋ 5ಡಬ್ಲ್ಯು-30 ಎಂದೋ ಹೇಳಿದರೆ ಮಾತು ಮುಗಿಯುತ್ತದೆ. ತೋಟದ ಹಳೆಯ ಜೀಪಿಗೆ, ಪಿಕಪ್‌ಗೆ ಇಷ್ಟೇ ಸಾಕಾಗುತ್ತಿತ್ತು. ಆದರೆ ಕಳೆದ ಎರಡು ದಶಕಗಳಲ್ಲಿ ಕೊಡಗಿನ ತೋಟದ ಮನೆಗಳ ಶೆಡ್ಡಿಗೆ ಸ್ಕೋಡಾ, ಫೋಕ್ಸ್‌ವ್ಯಾಗನ್, ರೆನೋ, ಮರ್ಸಿಡಿಸ್, ಬಿಎಂಡಬ್ಲ್ಯು ಕಾರುಗಳು ಬಂದು ನಿಂತಿವೆ. ಅವುಗಳಲ್ಲಿ ಹಲವು ಈಗ ಕಂಪನಿಯ ಸರ್ವಿಸ್ ಬಿಟ್ಟು ಊರಿನ ಗ್ಯಾರೇಜಿಗೇ ಹೋಗುವ ವಯಸ್ಸಿನವು. ಈ ಕಾರುಗಳ ವಿಷಯದಲ್ಲಿ ಗ್ರೇಡ್ ಎನ್ನುವುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ಡಬ್ಬಿಯ ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಒಂದು 5ಡಬ್ಲ್ಯು-40 ಡಬ್ಬಿಯನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಎಪಿಐ ಎಸ್‌ಎನ್, ಎಸಿಇಎ (ಯುರೋಪಿನ ಕಾರು ತಯಾರಕರ ಒಕ್ಕೂಟ) ಎ3/ಬಿ4, ವಿಡಬ್ಲ್ಯು (ಫೋಕ್ಸ್‌ವ್ಯಾಗನ್) 502 00/505 00, ಎಂಬಿ (ಮರ್ಸಿಡಿಸ್) 229.5, ಬಿಎಂಡಬ್ಲ್ಯು ಲಾಂಗ್‌ಲೈಫ್-01, ಪೋರ್ಶೆ ಎ40. ಪಕ್ಕದಲ್ಲಿರುವ 5ಡಬ್ಲ್ಯು-30 ಡಬ್ಬಿಯ ಮೇಲೆ ಎಸಿಇಎ ಸಿ3, ವಿಡಬ್ಲ್ಯು 504 00/507 00, ಎಂಬಿ 229.51, ಲಾಂಗ್‌ಲೈಫ್-04, ಪೋರ್ಶೆ ಸಿ30 ಎಂದಿರಬಹುದು. ದೊಡ್ಡ ಸಂಖ್ಯೆಯದ್ದು ಹೊಸದು, ಹೊಸದು ಒಳ್ಳೆಯದು ಎಂದು ಭಾವಿಸುವುದು ಸಹಜ. ಆದರೆ ಈ ಸಂಖ್ಯೆಗಳಲ್ಲಿ ಹೆಚ್ಚಿನವು ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಬಗೆಯ ಎಂಜಿನ್ನಿನಲ್ಲಿ ಎದುರಾದ ನಿರ್ದಿಷ್ಟ ತೊಂದರೆಗೆ ಕಂಪನಿ ಕೊಟ್ಟ ಉತ್ತರ. ಆ ತೊಂದರೆ ಯಾವುದೆಂದು ತಿಳಿದರೆ ಯಾವ ಡಬ್ಬಿ ಯಾವ ಕಾರಿನದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಗ್ರೇಡಿನ ಕಥೆ ಅಮೆರಿಕದಲ್ಲಿ ಶುರುವಾಯಿತು. ಅಲ್ಲಿನ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಆಯಿಲ್‌ಗಳನ್ನು ದಪ್ಪ–ತೆಳುವಿನ ಮೇಲೆ ವಿಂಗಡಿಸಿತು (ಇಂದಿನ ಗ್ರೇಡಿನಲ್ಲಿ ಡಬ್ಲ್ಯು ಜೊತೆಗಿನ ಸಂಖ್ಯೆ ಚಳಿಯಲ್ಲಿನ ದಪ್ಪವನ್ನೂ ಕೊನೆಯ ಸಂಖ್ಯೆ ಬಿಸಿಯಲ್ಲಿನ ದಪ್ಪವನ್ನೂ ಸೂಚಿಸುತ್ತದೆ). ಆಯಿಲ್ ಎಷ್ಟು ದಪ್ಪ ಎಂದು ಅದು ಹೇಳುತ್ತದೆಯೇ ಹೊರತು ಅದರಲ್ಲಿ ಏನೇನು ಬೆರೆತಿದೆ, ಎಂಜಿನ್ನನ್ನು ಎಷ್ಟು ಕಾಲ ಕಾಪಾಡುತ್ತದೆ ಎಂಬುದನ್ನು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 1947ರಲ್ಲಿ ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂಬ ಮೂರು ದರ್ಜೆಗಳನ್ನು ತಂದಿತು. ಇಂದು ನಾವು ನೋಡುವ ಎಸ್ (ಪೆಟ್ರೋಲ್) ಮತ್ತು ಸಿ (ಡೀಸೆಲ್) ಅಕ್ಷರಗಳ ಪದ್ಧತಿ ಅದಾದ ಮೇಲೆ ಬಂದದ್ದು.

ಯುರೋಪಿಗೆ ಇದು ಸಾಲಲಿಲ್ಲ. ಅಮೆರಿಕದ ಕಾರುಗಳ ಎಂಜಿನ್ ದೊಡ್ಡದು, ತಿರುಗುವ ವೇಗ ಕಡಿಮೆ. ಯುರೋಪಿನಲ್ಲಿ ಪೆಟ್ರೋಲ್ ದುಬಾರಿಯಾದ್ದರಿಂದ ಎಂಜಿನ್ನುಗಳು ಚಿಕ್ಕವಾದವು, ಆದರೆ ಜರ್ಮನಿಯ ಆಟೊಬಾನ್ ಮೇಲೆ ಅದೇ ಚಿಕ್ಕ ಎಂಜಿನ್ ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಓಡಬೇಕಿತ್ತು. ಡೀಸೆಲ್ ಕಾರುಗಳ ಸಂಖ್ಯೆಯೂ ಅಲ್ಲಿ ಹೆಚ್ಚು, ಆಯಿಲ್ ಬದಲಿಸುವ ಅವಧಿಯೂ ದೀರ್ಘ. 1972ರಲ್ಲಿ ಸ್ಥಾಪನೆಯಾದ ಸಿಸಿಎಂಸಿ ಎಂಬ ಕಾರು ತಯಾರಕರ ಒಕ್ಕೂಟವು ಪೆಟ್ರೋಲ್ ಎಂಜಿನ್ನಿಗೆ ಜಿ, ಡೀಸೆಲ್‌ಗೆ ಡಿ ಎಂಬ ಸ್ವಂತ ದರ್ಜೆಗಳನ್ನು ರೂಪಿಸಿತು. 1980ರ ದಶಕದಲ್ಲಿ ಕರಿ ಗಸಿಯ ಪಿಡುಗು ಎದ್ದಿತು. ಎಂಜಿನ್ನಿನ ಮೇಲ್ಮುಚ್ಚಳ ತೆಗೆದರೆ ಆಯಿಲ್ ಹರಿಯುವ ದಾರಿಗಳಲ್ಲೆಲ್ಲ ಡಾಂಬರಿನಂಥ ಕಪ್ಪು ಪದಾರ್ಥ ಕಟ್ಟಿಕೊಂಡಿರುತ್ತಿತ್ತು. ಮರ್ಸಿಡಿಸ್ ತನ್ನದೇ ಪೆಟ್ರೋಲ್ ಎಂಜಿನ್ನಿನಲ್ಲಿ ಗಸಿ ಪರೀಕ್ಷೆಯನ್ನು ರೂಪಿಸಿತು. ಅಂದಿನಿಂದ ಇಂದಿನವರೆಗೂ ಗಸಿ ಕಟ್ಟದಿರುವ ಗುಣವನ್ನು ನಿಜವಾದ ಎಂಜಿನ್ನಿನಲ್ಲಿ ಓಡಿಸಿಯೇ ತೋರಿಸಬೇಕೆಂಬ ನಿಯಮ ಯುರೋಪಿನ ಮಾನದಂಡಗಳಲ್ಲಿ ಉಳಿದಿದೆ. 1991ರಲ್ಲಿ ಸಿಸಿಎಂಸಿಯ ಜಾಗಕ್ಕೆ ಎಸಿಇಎ ಬಂತು. ಅದರ ಮೊದಲ ಆಯಿಲ್ ಮಾನದಂಡಗಳು 1996ರಲ್ಲಿ ಜಾರಿಯಾದವು.

ಒಕ್ಕೂಟದ ಮಾನದಂಡವಿರುವಾಗ ಪ್ರತಿ ಕಂಪನಿಗೂ ಬೇರೆ ಸಂಖ್ಯೆ ಏಕೆ? ಒಕ್ಕೂಟದ ದರ್ಜೆ ಎಲ್ಲರೂ ಒಪ್ಪಬಹುದಾದ ಕನಿಷ್ಠ ಮಟ್ಟ. ಅಲ್ಲದೆ ತನ್ನ ಆಯಿಲ್ ಎ3/ಬಿ4 ಮಟ್ಟದ್ದು ಎಂಬುದನ್ನು ಪರೀಕ್ಷೆಗಳ ಆಧಾರದ ಮೇಲೆ ಆಯಿಲ್ ಕಂಪನಿಯೇ ಘೋಷಿಸಿಕೊಳ್ಳುತ್ತದೆ, ಎಸಿಇಎ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಫೋಕ್ಸ್‌ವ್ಯಾಗನ್ ಅಥವಾ ಮರ್ಸಿಡಿಸ್ ಅನುಮೋದನೆಯ ದಾರಿ ಬೇರೆ. ಅಲ್ಲಿ ಆಯಿಲ್ ಕಂಪನಿ ಆಯಾ ಕಾರು ಕಂಪನಿಯ ಎಂಜಿನ್ನುಗಳಲ್ಲಿ ಪರೀಕ್ಷೆ ನಡೆಸಿ, ಫಲಿತಾಂಶ ಒಪ್ಪಿಸಿ, ಆ ನಿರ್ದಿಷ್ಟ ಹೆಸರಿನ ಆಯಿಲ್‌ಗೆ ಲಿಖಿತ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಡಬ್ಬಿಯ ಮೇಲೆ "ಅನುಮೋದಿತ" ಎಂದಿರುವುದಕ್ಕೂ "ಅವಶ್ಯಕತೆಗಳನ್ನು ಪೂರೈಸುತ್ತದೆ" ಅಥವಾ "ಇಂಥ ಕಾರುಗಳಿಗೆ ಶಿಫಾರಸು ಮಾಡಲಾಗಿದೆ" ಎಂದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಕಾರು ಕಂಪನಿಯ ಮಾತು, ಉಳಿದವು ಆಯಿಲ್ ಮಾರುವವರ ಮಾತು. ಎರಡನೆಯ ಬಗೆಯ ಆಯಿಲ್ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಆದರೆ ಅದರ ಬಗ್ಗೆ ಕಾರು ತಯಾರಿಸಿದವರು ಹೊಣೆ ಹೊತ್ತಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಕಂಪನಿಯೊಂದು ತನ್ನದೇ ಸಂಖ್ಯೆಯನ್ನು ಏಕೆ ಸೃಷ್ಟಿಸುತ್ತದೆ ಎಂಬುದಕ್ಕೆ ಫೋಕ್ಸ್‌ವ್ಯಾಗನ್‌ನ 505 01ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಕಂಪನಿಯ ಪಿಡಿ ಡೀಸೆಲ್ ಎಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿನ ಇಂಜೆಕ್ಟರ್ ಜೊತೆಗೇ ಒಂದು ಪಂಪ್ ಇರುತ್ತದೆ, ಅದನ್ನು ಒತ್ತುವುದು ಕ್ಯಾಮ್ ಎಂಬ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟ್. ಡೀಸೆಲ್ ಮೇಲೆ ಬೀಳುವ ಒತ್ತಡ 2,000 ಬಾರ್‌ಗಿಂತ ಹೆಚ್ಚು, ಅಂದರೆ ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು. ಒಂದೇ ಶಾಫ್ಟ್ ಮೇಲೆ ವಾಲ್ವುಗಳ ಕ್ಯಾಮ್ ಜೊತೆಗೆ ಪಂಪಿನ ಕ್ಯಾಮ್‌ಗೂ ಜಾಗ ಮಾಡಬೇಕಾದ್ದರಿಂದ ವಾಲ್ವಿನ ಕ್ಯಾಮ್‌ಗಳು ಕಿರಿದಾದವು. ಕಿರಿದಾದ ಲೋಹದ ಮೇಲೆ ಹೆಚ್ಚು ಭಾರ ಬಿದ್ದಾಗ ನಡುವಿನ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಹಳೆಯ 505 00 ಡೀಸೆಲ್ ಆಯಿಲ್ ಇದನ್ನು ತಡೆಯುವಂತಿರಲಿಲ್ಲ. ಅದಕ್ಕಾಗಿ 505 01 ಬಂತು. ನಮ್ಮಲ್ಲಿ ಸ್ಕೋಡಾದ ಆರಂಭದ ಲಾರಾ ಮತ್ತು ಫ್ಯಾಬಿಯಾ ಡೀಸೆಲ್ ಕಾರುಗಳಲ್ಲಿದ್ದದ್ದು ಪಿಡಿ ಎಂಜಿನ್. ಇಂಥ ಕಾರಿಗೆ "ಡೀಸೆಲ್ ಆಯಿಲ್ ತಾನೆ" ಎಂದು 505 00 ಮಟ್ಟದ 15ಡಬ್ಲ್ಯು-40 ಹಾಕಿ ಓಡಿಸಿದರೆ ಮೊದಲು ಏನೂ ಗೊತ್ತಾಗುವುದಿಲ್ಲ. ಕ್ಯಾಮ್ ಸವೆದು ಎಂಜಿನ್ ಎಳೆತ ಕಳೆದುಕೊಂಡು ಟ್ಯಾಪೆಟ್ ಸದ್ದು ಎದ್ದಾಗ, ಮುಚ್ಚಳ ಬಿಚ್ಚಿದರೆ ದುಂಡಗೆ ನುಣುಪಾಗಿರಬೇಕಾದ ಕ್ಯಾಮ್‌ನ ಮೂಗು ಚಪ್ಪಟೆಯಾಗಿ ಅಂಚು ಕಿತ್ತಿರುವುದು ಕಣ್ಣಿಗೇ ಕಾಣುತ್ತದೆ. ಆಗ ಕ್ಯಾಮ್‌ಶಾಫ್ಟನ್ನೇ ಬದಲಿಸಬೇಕು.

ಇದೇ ಕಾಲಕ್ಕೆ ಇನ್ನೊಂದು ದಿಕ್ಕಿನಿಂದ ದೊಡ್ಡ ತಿರುವು ಬಂತು. 2000ದಲ್ಲಿ ಪ್ಯೂಜೋ ತನ್ನ 607 ಕಾರಿನಲ್ಲಿ ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರನ್ನು, ಅಂದರೆ ಈಗ ಎಲ್ಲರೂ ಡಿಪಿಎಫ್ ಎನ್ನುವ ಸಾಧನವನ್ನು ಅಳವಡಿಸಿತು. ಹಿಡಿದ ಮಸಿಯನ್ನು ಆಗಾಗ ಒಳಗೇ ಸುಟ್ಟು ಕಳೆಯಬಹುದು. ಆದರೆ ಎಂಜಿನ್ ಅಲ್ಪಸ್ವಲ್ಪ ಕುಡಿಯುವ ಆಯಿಲ್ ಉರಿದಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಬೂದಿಯಾಗಿ ಉಳಿಯುತ್ತವೆ. ಬೂದಿ ಮತ್ತೆ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ಆಯಿಲ್‌ನ ರಂಜಕವು ಪೆಟ್ರೋಲ್ ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಮಂದ ಮಾಡುತ್ತದೆ. ಹಾಗಾಗಿ 2004ರಲ್ಲಿ ಎಸಿಇಎ ಕಡಿಮೆ ಬೂದಿಯ ಸಿ ದರ್ಜೆಗಳನ್ನು ತಂದಿತು. ಎ3/ಬಿ4 ಆಯಿಲ್‌ನಲ್ಲಿ ಶೇ 1.6ರವರೆಗೆ ಬೂದಿಗೆ ಅವಕಾಶವಿದ್ದರೆ ಸಿ3ರಲ್ಲಿ ಮಿತಿ ಶೇ 0.8, ಸಿ4ರಲ್ಲಿ ಶೇ 0.5. ಫೋಕ್ಸ್‌ವ್ಯಾಗನ್‌ನ 504 00/507 00, ಮರ್ಸಿಡಿಸ್‌ನ 229.31 ಮತ್ತು 229.51, ಬಿಎಂಡಬ್ಲ್ಯುವಿನ ಲಾಂಗ್‌ಲೈಫ್-04 ಹುಟ್ಟಿದ್ದು ಈ ಕಾರಣದಿಂದಲೇ. ರೆನೋ ಇದನ್ನು ಇನ್ನೂ ಸರಳವಾಗಿ ವಿಂಗಡಿಸಿತ್ತು: ಟರ್ಬೊ ಇಲ್ಲದ ಪೆಟ್ರೋಲ್‌ಗೆ ಆರ್‌ಎನ್0700, ಟರ್ಬೊ ಪೆಟ್ರೋಲ್‌ಗೂ ಡಿಪಿಎಫ್ ಇಲ್ಲದ ಡೀಸೆಲ್‌ಗೂ ಆರ್‌ಎನ್0710, ಡಿಪಿಎಫ್ ಇರುವ ಡೀಸೆಲ್‌ಗೆ ಆರ್‌ಎನ್0720.

ಇಲ್ಲಿಯೇ ಭಾರತದ, ಅದರಲ್ಲೂ ನಮ್ಮಂಥ ಜಿಲ್ಲೆಗಳ ಪ್ರಶ್ನೆ ಬರುತ್ತದೆ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ ಭಾಗವೂ ಇದೇ. ಆಯಿಲ್‌ನಲ್ಲಿ ಬೂದಿ ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಮ್ಮನೆ ಸೇರಿಸಿದ ವಸ್ತುಗಳಲ್ಲ. ಇಂಧನದ ಗಂಧಕ ಉರಿದು ಆಗುವ ಆಮ್ಲವನ್ನು ಅವೇ ತಟಸ್ಥಗೊಳಿಸುವುದು. ಈ ಶಕ್ತಿಯನ್ನು ಟಿಬಿಎನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎ3/ಬಿ4 ಆಯಿಲ್‌ಗೆ ಅದು ಕನಿಷ್ಠ 10 ಇರಬೇಕು, ಸಿ3ಕ್ಕೆ 6 ಸಾಕು. ಬೂದಿ ಇಳಿಸಿದರೆ ಆಮ್ಲವನ್ನು ತಡೆಯುವ ಶಕ್ತಿಯೂ ಇಳಿಯುತ್ತದೆ. ಯುರೋಪಿನಲ್ಲಿ ಇಂಧನದ ಗಂಧಕ 2005ರಲ್ಲಿ 50 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 50 ಭಾಗ), 2009ರಲ್ಲಿ 10 ಪಿಪಿಎಂಗೆ ಇಳಿದಿದ್ದರಿಂದ ಅಲ್ಲಿ ಅದು ನಡೆಯಿತು. ನಮ್ಮಲ್ಲಿ ಬಿಎಸ್-3 (ಭಾರತ್ ಸ್ಟೇಜ್, ಅಂದರೆ ವಾಹನ ಮಾಲಿನ್ಯದ ಸರ್ಕಾರಿ ಮಾನದಂಡ) ಡೀಸೆಲ್‌ನಲ್ಲಿ 350 ಪಿಪಿಎಂವರೆಗೆ ಗಂಧಕವಿತ್ತು. ಬಿಎಸ್-4 ಇಂಧನ 2010ರಲ್ಲಿ ಬಂದದ್ದು ಕೆಲವು ಮಹಾನಗರಗಳಿಗೆ ಮಾತ್ರ, 50 ಪಿಪಿಎಂನ ಆ ಇಂಧನ ದೇಶದಾದ್ಯಂತ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಬೆಂಗಳೂರಿನಲ್ಲಿ ಕೊಂಡ ಬಿಎಸ್-4 ಕಾರು ಅಷ್ಟು ವರ್ಷ ಹೆಚ್ಚು ಗಂಧಕದ ಇಂಧನವಿರುವ ಊರುಗಳಲ್ಲೂ ಟ್ಯಾಂಕ್ ತುಂಬಿಸಿಕೊಳ್ಳಬೇಕಾಗಿತ್ತು. ಹೊಸ ಸಂಖ್ಯೆ ಎಂಬ ಒಂದೇ ಕಾರಣಕ್ಕೆ ಅಂಥ ಕಾರಿಗೆ ಕಡಿಮೆ ಬೂದಿಯ ಆಯಿಲ್ ಹಾಕಿ 15,000 ಕಿಲೋಮೀಟರ್ ಓಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಬಿಎಂಡಬ್ಲ್ಯು ತನ್ನ ಪೆಟ್ರೋಲ್ ಎಂಜಿನ್ನುಗಳಲ್ಲಿ ಲಾಂಗ್‌ಲೈಫ್-04 ಬಳಕೆಯನ್ನು ಯುರೋಪಿನ ದೇಶಗಳಿಗಷ್ಟೇ ಸೀಮಿತಗೊಳಿಸಿತ್ತು, ಬೇರೆಡೆಗೆ ಲಾಂಗ್‌ಲೈಫ್-01 ಎಂದಿತ್ತು. ಇಂಧನದ ಗುಣಮಟ್ಟ ನಂಬುವಂತಿಲ್ಲ ಎಂಬುದೇ ಅದರ ಹಿಂದಿನ ಕಾರಣ. 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಎಲ್ಲೆಡೆ ಬಂದು ಗಂಧಕ 10 ಪಿಪಿಎಂಗೆ ಇಳಿದಿರುವುದರಿಂದ ಈ ಲೆಕ್ಕ ಈಗ ಬದಲಾಗಿದೆ. ಕಡಿಮೆ ಬೂದಿಯ ಆಯಿಲ್ ಬೇಡ ಎಂದು ಹಿಂದೆ ಕೊಟ್ಟ ಸಲಹೆಯನ್ನೇ ಇಂದಿಗೂ ಹೇಳುವ ಮೆಕ್ಯಾನಿಕ್ ಆ ಕಾಲಕ್ಕೆ ಸರಿಯಾಗಿಯೇ ಹೇಳಿದ್ದರು ಎಂಬುದನ್ನೂ ಒಪ್ಪಬೇಕು.

ಕಂಪನಿಗಳ ನಡುವಿನ ನಿಜವಾದ ಭಿನ್ನಾಭಿಪ್ರಾಯ ಇರುವುದು ಆಯಿಲ್ ಎಷ್ಟು ತೆಳುವಾಗಬಹುದು ಎಂಬುದರಲ್ಲಿ. 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಬೇರಿಂಗ್ ಒಳಗೆ ಆಗುವಂಥ ತೀವ್ರ ಉಜ್ಜಾಟದಲ್ಲಿ ಆಯಿಲ್‌ಗೆ ಉಳಿಯುವ ದಪ್ಪವನ್ನು ಎಚ್‌ಟಿಎಚ್‌ಎಸ್ ಎಂದು ಅಳೆಯುತ್ತಾರೆ. ಜರ್ಮನ್ ಕಂಪನಿಗಳು ಬಹುಕಾಲ 3.5ರ ಕನಿಷ್ಠ ಮಟ್ಟಕ್ಕೆ ಅಂಟಿಕೊಂಡವು. ಫೋಕ್ಸ್‌ವ್ಯಾಗನ್ ನಡುವೆ 503 00/506 00ರಲ್ಲಿ ಅದಕ್ಕಿಂತ ಕೆಳಗಿಳಿದಿದ್ದರೂ 504 00/507 00ರಲ್ಲಿ ಮತ್ತೆ 3.5ಕ್ಕೇ ಮರಳಿತು. ಫೋರ್ಡ್, ವೋಲ್ವೊ, ಪ್ಯೂಜೋ–ಸಿಟ್ರೊಯೆನ್ ಮಾತ್ರ ಬೇಗನೆ 2.9ರ ಮಟ್ಟದ ಎ5/ಬಿ5, ಸಿ2 ಆಯಿಲ್‌ಗಳತ್ತ ಹೋದವು, ಇಂಧನ ಉಳಿತಾಯ ಅವುಗಳಿಗೆ ಮುಖ್ಯವಾಗಿತ್ತು. ಎಸಿಇಎ 1998ರಲ್ಲೇ ಯುರೋಪಿಯನ್ ಆಯೋಗಕ್ಕೆ, 2008ರ ಹೊತ್ತಿಗೆ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು ಕಿಲೋಮೀಟರಿಗೆ 140 ಗ್ರಾಂಗೆ ಇಳಿಸುವ ಮಾತು ಕೊಟ್ಟಿತ್ತು. ಆ ಮೇಲೆ ಅದು ಕಾನೂನಾಗಿ 130, 95 ಗ್ರಾಂಗೆ ಇಳಿಯಿತು. ಕೊನೆಗೆ ಫೋಕ್ಸ್‌ವ್ಯಾಗನ್ ಸಹ 508 00/509 00 ಎಂಬ 0ಡಬ್ಲ್ಯು-20 ಆಯಿಲ್ ತಂದಿತು. ಅದರ ಮಟ್ಟ 2.6. ಬೇರೆ ಆಯಿಲ್ ಎಂದು ಗುರುತು ಸಿಗಲಿ ಎಂದು ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ. ಇದು ಹಳೆಯ ಎಂಜಿನ್ನುಗಳಿಗೆ ಸಲ್ಲದು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಹಿಂದಿನದೆಲ್ಲವನ್ನೂ ಅದು ಒಳಗೊಳ್ಳುತ್ತದೆ ಎಂಬ ನಂಬಿಕೆ ಇಲ್ಲಿ ಮುರಿದು ಬೀಳುತ್ತದೆ. ತುಂಬಿದ ಕಾರು ಸಂಪಾಜೆ ಅಥವಾ ಮಾಕುಟ್ಟ ಘಾಟಿಯನ್ನು ಎರಡನೇ ಗೇರಿನಲ್ಲಿ ಏರುವಾಗ ಆಯಿಲ್ ಬಿಸಿಯಾಗುವುದನ್ನು ನೆನೆದರೆ, 3.5 ಬೇಡುವ ಎಂಜಿನ್ನಿಗೆ 2.6ರ ಆಯಿಲ್ ಹಾಕುವ ಧೈರ್ಯ ಯಾರಿಗೂ ಬರಬಾರದು.

ಕೊಡಗಿನ ಬಳಕೆಯ ರೀತಿಯೂ ಇದಕ್ಕೆ ಸೇರುತ್ತದೆ. ನಮಗೆ ಯುರೋಪಿನ ಚಳಿ ಇಲ್ಲ, ಆದ್ದರಿಂದ 0ಡಬ್ಲ್ಯುವಿನ ಶೀತಗುಣ ಇಲ್ಲಿ ದೊಡ್ಡ ಲಾಭವಲ್ಲ. ನಮ್ಮ ತೊಂದರೆ ಮಳೆ ಮತ್ತು ಸಣ್ಣ ಓಡಾಟ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಕೂತ ನೀರಿನ ಹನಿ ಆವಿಯಾಗದೆ ಆಯಿಲ್ ಜೊತೆ ಕಲೆತು, ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲುಬಣ್ಣದ ಜಿಡ್ಡಾಗಿ ಅಂಟುತ್ತದೆ. ಬಿಎಸ್-6 ಡೀಸೆಲ್ ಕಾರಿಗೆ ಇದು ಇನ್ನಷ್ಟು ಕಷ್ಟ. ಡಿಪಿಎಫ್ ಮಸಿ ಸುಡಲು ಬೇಕಾದ ಶಾಖ ತೋಟದ ರಸ್ತೆಯಲ್ಲಿ ಹುಟ್ಟುವುದಿಲ್ಲ. ಸುಡುವ ಯತ್ನಕ್ಕಾಗಿ ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಅದು ಶುಭಸೂಚನೆಯಲ್ಲ, ಆಯಿಲ್ ತೆಳುವಾಗಿದೆ ಎಂದರ್ಥ. ಯುರೋಪಿನಲ್ಲಿ ಲಾಂಗ್‌ಲೈಫ್ ಹೆಸರಿನಲ್ಲಿ 30,000 ಕಿಲೋಮೀಟರ್ ಅಥವಾ 2 ವರ್ಷ ಎಂದು ಲೆಕ್ಕ ಹಾಕಿದ್ದು ಹೆದ್ದಾರಿಯಲ್ಲಿ ನಿಯಮಿತವಾಗಿ ಓಡುವ ಕಾರಿಗೆ. ಇಲ್ಲಿ ಅದೇ ಅನುಮೋದನೆಯ ಆಯಿಲ್ ಹಾಕಿದರೂ ವರ್ಷಕ್ಕೊಮ್ಮೆ, ಸಾಧ್ಯವಾದರೆ ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಲೇಸು. ವಾರಕ್ಕೊಮ್ಮೆಯಾದರೂ ಕುಶಾಲನಗರದಿಂದಾಚೆ ಮೈಸೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದರೆ ಫಿಲ್ಟರೂ ಆಯಿಲೂ ಎರಡೂ ಸುಧಾರಿಸುತ್ತವೆ.

ಹಳೆಯ ಪಿಡಿ ಕಾರು ಇಟ್ಟುಕೊಂಡವರಿಗೆ 505 01 ಡಬ್ಬಿ ಹುಡುಕುವುದು ಈಗ ಕಷ್ಟವಾಗುತ್ತಿದೆ. ಫೋಕ್ಸ್‌ವ್ಯಾಗನ್‌ನ ನಿಯಮದಂತೆ 507 00 ಆಯಿಲನ್ನು 505 01ರ ಬದಲಿಗೆ ಬಳಸಬಹುದು, ಮತ್ತು 10 ಪಿಪಿಎಂ ಡೀಸೆಲ್ ಸಿಗುತ್ತಿರುವುದರಿಂದ ಇಲ್ಲಿಯೂ ಅದಕ್ಕೆ ಅಡ್ಡಿಯಿಲ್ಲ. 2006ಕ್ಕಿಂತ ಹಿಂದಿನ ಐದು ಸಿಲಿಂಡರ್ ಮತ್ತು ವಿ10 ಪಿಡಿ ಡೀಸೆಲ್ ಎಂಜಿನ್ನುಗಳು ಮಾತ್ರ ಇದಕ್ಕೆ ಹೊರತು. ಅವುಗಳಿಗೆ 506 01 ಅನುಮೋದನೆಯ ಆಯಿಲನ್ನೇ ತರಿಸಿ ಹಾಕಬೇಕು.